ಎದುರು ಮನೆಯಲ್ಲಿ ರಂಜಾನ್, ನಮ್ಮ ಮನೆಯಲ್ಲಿ ಸಸ್ಯಾಹಾರ: ನಿಮ್ಮ ಕಡೆ ಹೇಗೆ ನಡೆಸುತ್ತೀರಿ?

ಎದುರುಮನೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಕೇಳಬೇಕಿತ್ತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಗೆ ಒಂದು ಮುಸ್ಲಿಂ ಕುಟುಂಬ ಬಾಡಿಗೆಗೆ ಬಂದಿದೆ. ಗಂಡ, ಹೆಂಡತಿ, ವಯಸ್ಸಾದ ಅಮ್ಮ, ಇಬ್ಬರು ಮಕ್ಕಳು. ಅವರ ಹುಡುಗಿಗೂ ನಮ್ಮ ಮಗಳಿಗೂ ಒಂದೇ ವಯಸ್ಸು. ಮಕ್ಕಳು ಬಂದ ದಿನವೇ ಗೆಳತಿಯರಾದರು. ದೊಡ್ಡವರದು ಇನ್ನೂ 'ಊಟ ಆಯ್ತಾ, ನೀರು ಬಂತಾ' ಅನ್ನುವಷ್ಟರಲ್ಲೇ ಇದೆ.

ಇನ್ನೇನು ರಂಜಾನ್ ಶುರುವಾಗುತ್ತದೆ. ನಾವು ಲಿಂಗಾಯತರು, ಮನೆಗೆ ಮೊಟ್ಟೆ ಕೂಡ ತರುವುದಿಲ್ಲ. ಉಪವಾಸ ಬಿಡುವ ಹೊತ್ತಿಗೆ ಅವರಿಗೆ ಏನಾದರೂ ಕೊಡಬೇಕು ಅಂತ ಆಸೆ. ಏನು ಕೊಡಬಹುದು? ಯಾವ ಹೊತ್ತಿಗೆ? ನಮ್ಮ ಮನೆಯಲ್ಲಿ ಮಾಡಿದ್ದನ್ನು ಅವರು ತಿನ್ನುತ್ತಾರಾ? ಇನ್ನು ಅವರ ಮನೆಯಿಂದ ಅಡುಗೆ ಬಂದರೆ ನಮ್ಮ ಅತ್ತೆಯವರಿಗೆ ಸಂಕಟ, ಬೇಡ ಅಂದರೆ ಅವರಿಗೆ ಬೇಜಾರು. ಇದನ್ನು ಹೇಗೆ ಹೇಳುವುದು?

ಭಾವೈಕ್ಯದ ಭಾಷಣ ಸಾಕಷ್ಟು ಕೇಳಿದ್ದೇನೆ. ನನಗೆ ಬೇಕಿರುವುದು ದಿನದ ಬದುಕಿನ ಮಾತು. ನಿಮ್ಮ ಬೀದಿಯಲ್ಲಿ, ಅಂಗಡಿಯಲ್ಲಿ, ಊರಿನಲ್ಲಿ ಹೇಗೆ ನಡೆಯುತ್ತದೆ ಹೇಳಿ.

ಟೈಲರ್ ಮಾಸ್ತರ್, ಗದಗ

ಅಕ್ಕ, ಮೊದಲು ಇದನ್ನು ಅವರ ಹತ್ತಿರವೇ ಕೇಳಿ. 'ನಾವು ಮಾಂಸ, ಮೊಟ್ಟೆ ತಿನ್ನೋದಿಲ್ಲ. ನೀವು ಏನು ತಿನ್ನೋದಿಲ್ಲ ಹೇಳಿ' ಅಂದರೆ ಆಯ್ತು. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ಮುಸ್ಲಿಂ. ಕೇಳಿದವರ ಮೇಲೆ ನಮಗೆ ಪ್ರೀತಿ ಜಾಸ್ತಿ. ಕೇಳದೆ ಬಾಗಿಲು ಹಾಕಿಕೊಳ್ಳುವವರೇ ದೂರ ಆಗುವುದು.

ಈಗ ವಿಷಯಕ್ಕೆ ಬರುತ್ತೇನೆ. ಸೂರ್ಯ ಮುಳುಗಿ ಮಗ್ರಿಬ್ ಅಜಾನ್ ಆದ ಕೂಡಲೇ ರೋಜಾ ಬಿಡುತ್ತೇವೆ. ಮೊದಲು ಖರ್ಜೂರ, ನೀರು. ಆಮೇಲೆ ಸ್ವಲ್ಪ ಹಣ್ಣು, ಕರಿದದ್ದು ಏನಾದರೂ. ನಮಾಜ್ ಮುಗಿಸಿ ಬಂದು ಊಟ. ಕೊಡುವವರು ಅಜಾನ್‌ಗೆ ಅರ್ಧ ಗಂಟೆ ಮೊದಲೇ ಕೊಟ್ಟುಬಿಡಿ. ಆ ಕಡೇ ಹತ್ತು ನಿಮಿಷ ಅಡುಗೆಮನೆಯಲ್ಲಿ ಗಡಿಬಿಡಿ ಇರುತ್ತದೆ. ಬಾಗಿಲು ಬಡಿದರೆ ಪಾಪ ಯಾರಿಗೂ ಕೈ ಬಿಡುವಿರುವುದಿಲ್ಲ.

ಕಲ್ಲಂಗಡಿ, ಪಪ್ಪಾಯಿ, ಬಾಳೆಹಣ್ಣು ಕೊಡಿ. ಹೆಸರುಬೇಳೆ ಪಾಯಸ ಕೊಡಿ. ದಾವಣಗೆರೆಯವರು ಅಂತೀರಿ, ಮಂಡಕ್ಕಿ ಮೆಣಸಿನಕಾಯಿ ಇರುವಾಗ ಯೋಚನೆ ಯಾಕೆ? ದಿನವಿಡೀ ಉಪವಾಸ ಇದ್ದು ಬಿಸಿ ಮಿರ್ಚಿ ಸಿಕ್ಕರೆ ಅದರ ಖುಷಿಯೇ ಬೇರೆ. ಸಸ್ಯಾಹಾರ ನಮಗೆ ನಿಷಿದ್ಧ ಅಲ್ಲ. ಹಾಲು, ಬೇಳೆ, ತರಕಾರಿಯಲ್ಲಿ ಯಾವ ಅಡ್ಡಿಯೂ ಇಲ್ಲ.

ಒಂದು ಸೂಕ್ಷ್ಮ ಇದೆ. ದೇವರಿಗೆ ಎಡೆ ಮಾಡಿದ್ದನ್ನು ನಮ್ಮಲ್ಲಿ ಕೆಲವರು ತಿನ್ನುವುದಿಲ್ಲ. ಕೆಲವರು ತಿನ್ನುತ್ತಾರೆ. ಅದು ಅವರವರ ನಂಬಿಕೆ. ಹಬ್ಬದ ದಿನ ಕೊಡುವುದಾದರೆ ಎಡೆಗೆ ಮೊದಲೇ ಬೇರೆ ಪಾತ್ರೆಯಲ್ಲಿ ತೆಗೆದಿಟ್ಟು, 'ಇದು ಎಡೆ ಹಿಡಿದದ್ದಲ್ಲ' ಅಂತ ಹೇಳಿ ಕೊಡಿ. ನಮ್ಮ ಅಂಗಡಿ ಪಕ್ಕದ ಕಿರಾಣಿಯವರ ಮನೆಯಲ್ಲಿ ಹೀಗೇ ಮಾಡುತ್ತಾರೆ. ಹೋಳಿಗೆ ಡಬ್ಬಿ ಕೊಡುವಾಗ ಅಜ್ಜಿ ತಾವಾಗಿಯೇ ಹೇಳುತ್ತಾರೆ, 'ಮಾಸ್ತರ, ಇದು ಎಡಿಕಿಂತ ಮೊದಲ ತೆಗದದ್ದು.' ಆ ಒಂದು ಮಾತಿಗೆ ನಾನು ಸೋತಿದ್ದೇನೆ. ಅಜ್ಜಿ ತಮ್ಮ ಆಚಾರ ಬಿಡಲಿಲ್ಲ, ನನ್ನದನ್ನೂ ಕೆಡಿಸಲಿಲ್ಲ.

ಇನ್ನು ನಮ್ಮ ಕಡೆಯಿಂದ ಬರುವುದರ ಬಗ್ಗೆ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಹಳೆಯ ದಾರಿ ಇದೆ. ಮಡಿ ಮಾಡುವವರ ಮನೆಗೆ ಅಡುಗೆ ಕಳಿಸುವುದಿಲ್ಲ, ಸೀದಾ ಅಂದರೆ ಬೇಯಿಸದ ಸಾಮಾನು ಕಳಿಸುತ್ತೇವೆ. ಶಾವಿಗೆ, ಸಕ್ಕರೆ, ಉತ್ತುತ್ತಿ, ಗೋಡಂಬಿ, ದ್ರಾಕ್ಷಿ, ಜೊತೆಗೆ ಹಾಲು. ಅವರೇ ತಮ್ಮ ಒಲೆಯ ಮೇಲೆ ಸುರಕುಂಬಾ, ಅಂದರೆ ಶಾವಿಗೆ ಪಾಯಸ, ಮಾಡಿಕೊಳ್ಳುತ್ತಾರೆ. ಬಕ್ರೀದ್‌ಗೆ ಹಣ್ಣು ಕಳಿಸುತ್ತೇವೆ, ಅಷ್ಟೇ. ನಿಮ್ಮ ಅತ್ತೆಯವರಿಗೆ ಇದನ್ನು ಹೇಳಿ. ಎದುರು ಮನೆಯ ಅಮ್ಮನಿಗೂ ಇದು ಗೊತ್ತಿದ್ದೇ ಇರುತ್ತದೆ.

ಎದುರುಮನೆ

ಮಾಸ್ತರೇ, ಸೀದಾ ಅಂದರೆ ಜಂಗಮರಿಗೆ ಕೊಡುವುದು ಅಂತಷ್ಟೇ ತಿಳಿದಿದ್ದೆ. ಅತ್ತೆಗೆ ಓದಿ ಹೇಳಿದೆ. 'ಹೌದಲ್ಲ, ನಮ್ಮ ತವರಲ್ಲೂ ಪಿಂಜಾರರ ಮನೆಯಿಂದ ಹಂಗೇ ಬರ್ತಿತ್ತು' ಅಂದರು. ಹಾಸಿಗೆಗೆ ಹತ್ತಿ ಹಿಂಜಲು ಬರುತ್ತಿದ್ದವರಂತೆ. ಅತ್ತೆ ಇದನ್ನೆಲ್ಲ ಇಷ್ಟು ದಿನ ಹೇಳಿಯೇ ಇರಲಿಲ್ಲ.

ಬಸದಿ ಬೀದಿ, ಮೂಡುಬಿದಿರೆ

ನಾವು ಜೈನರು. ನಮ್ಮದು ಹಾರ್ಡ್‌ವೇರ್ ಅಂಗಡಿ. ಇಬ್ಬರು ಬ್ಯಾರಿ ಹುಡುಗರು, ಅಂದರೆ ಕರಾವಳಿಯ ಮುಸ್ಲಿಮರು, ಕೆಲಸಕ್ಕಿದ್ದಾರೆ. ನಮ್ಮ ತಂದೆ ಸೂರ್ಯ ಮುಳುಗಿದ ಮೇಲೆ ಏನೂ ತಿನ್ನುವುದಿಲ್ಲ. ಹುಡುಗರು ರಂಜಾನ್‌ನಲ್ಲಿ ಸೂರ್ಯ ಮುಳುಗುವವರೆಗೆ ಏನೂ ತಿನ್ನುವುದಿಲ್ಲ. ಹಾಗಾಗಿ ಆ ತಿಂಗಳು ನಮ್ಮ ಅಂಗಡಿಯ ಒಳಕೋಣೆಯಲ್ಲಿ ಪ್ರತಿ ಸಂಜೆ ಒಂದು ನಿಯಮ ನಡೆಯುತ್ತದೆ. ಅಪ್ಪ ಬುತ್ತಿ ಬಿಚ್ಚಿ ಊಟ ಮುಗಿಸಿ, ಕೈ ತೊಳೆದು, ಮೇಜು ಒರೆಸುತ್ತಾರೆ. ಆಮೇಲೆ ಅದೇ ಮೇಜಿನ ಮೇಲೆ ಹುಡುಗರು ಖರ್ಜೂರ, ಸಮೋಸ, ಶರಬತ್ತು ಹರಡಿಕೊಳ್ಳುತ್ತಾರೆ. ನಡುವೆ ಹದಿನೈದು ನಿಮಿಷ ಇದ್ದರೆ ಹೆಚ್ಚು. ಆ ಹದಿನೈದು ನಿಮಿಷ ಕೌಂಟರಿನಲ್ಲಿ ನಾನೇ ನಿಲ್ಲುತ್ತೇನೆ.

ಎರಡೂ ಕಡೆಯವರಿಗೆ ಸೂರ್ಯಾಸ್ತದ ಸಮಯ ಬೇಕು. ಗೋಡೆಗೆ ಮಸೀದಿಯ ರಂಜಾನ್ ವೇಳಾಪಟ್ಟಿ ಅಂಟಿಸಿದ್ದೇವೆ. ಅಪ್ಪನೂ ಅದನ್ನೇ ನೋಡಿ ಊಟಕ್ಕೆ ಕೂರುವುದು.

ನಮ್ಮ ಸಾವಿರ ಕಂಬದ ಬಸದಿ 1430ರದು. ಊರಿನಲ್ಲಿ ಜೈನರು ಕಡಿಮೆ. ಬೇರೆಯವರ ಜೊತೆ ಹೊಂದಿಕೊಂಡು ಬಾಳುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಧರ್ಮಸ್ಥಳ ನೋಡಿ. ದೇವರು ಮಂಜುನಾಥ, ಪೂಜೆ ಮಾಡುವವರು ಮಾಧ್ವ ಬ್ರಾಹ್ಮಣರು, ಹೆಗ್ಗಡೆಯವರ ಮನೆತನ ಜೈನರದು. ಅಲ್ಲಿ ಸಾಲಿನಲ್ಲಿ ಕೂತು ಉಣ್ಣುವ ಯಾರಿಗೂ ಇದು ವಿಚಿತ್ರ ಅಂತ ಅನ್ನಿಸಿದ್ದಿಲ್ಲ.

ಸವದತ್ತಿ ಹೊಲ, ಬೆಳಗಾವಿ ಜಿಲ್ಲೆ

ನಮ್ಮ ಭಾಗದ ಮೊಹರಂ ಬಗ್ಗೆ ಬರೆಯಲೇಬೇಕು. ಸವದತ್ತಿ ತಾಲ್ಲೂಕಿನ ಹಿರೇಬಿದನೂರಿನಲ್ಲಿ ಮುಸ್ಲಿಮರ ಮನೆಯೇ ಇಲ್ಲ. ಆದರೂ ಮಸೀದಿ ಇದೆ. ಅದನ್ನು ನೋಡಿಕೊಳ್ಳುವವರು ಹಿಂದೂಗಳು. ಮೊಹರಂ ಬಂದರೆ ಪಕ್ಕದ ಊರಿನಿಂದ ಮೌಲ್ವಿಯವರನ್ನು ಕರೆಸುತ್ತಾರೆ. ಇಂಥ ಊರು ಇದೊಂದೇ ಅಲ್ಲ. ರಾಯಚೂರು, ಕೊಪ್ಪಳ, ಬಾಗಲಕೋಟೆ, ವಿಜಯಪುರ ಕಡೆ ಹೋದರೆ ಸಾಲು ಸಾಲಾಗಿ ಸಿಗುತ್ತವೆ. ಮುದಗಲ್ಲಿನ ಮೊಹರಂ ನೋಡಲು ದೂರದೂರದಿಂದ ಜನ ಬರುತ್ತಾರೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಸೀದಿ ಮುಂದೆ ಅಲಾಯಿ ಕುಣಿ, ಅಂದರೆ ಬೆಂಕಿ ಹಾಕುವ ಗುಂಡಿ, ತೋಡುತ್ತಾರೆ. ಕೈಯ ಆಕಾರದ ಲೋಹದ ಪಂಜಾಗಳನ್ನು ತೆಗೆದು, ತೊಳೆದು, ಬಣ್ಣದ ಬಟ್ಟೆ ಕಟ್ಟಿ ಕೂರಿಸುತ್ತಾರೆ. ಹರಕೆ ಹೊತ್ತ ಮಕ್ಕಳಿಗೆ ಲಾಡಿ (ಬಣ್ಣದ ದಾರ) ಹಾಕಿ ಫಕೀರರನ್ನಾಗಿ ಮಾಡುತ್ತಾರೆ. ಮಕ್ಕಳು ಗೌಡರ ಮನೆಯವರಿರಲಿ, ಕುರುಬರ ಮನೆಯವರಿರಲಿ, ಲಾಡಿ ಒಂದೇ. ಹೆಂಗಸರು ಸಕ್ಕರೆ ತಂದು ಓದಿಸಿಕೊಂಡು ಹೋಗುತ್ತಾರೆ. ಮನೆಯಲ್ಲಿ ಚೊಂಗೆ, ಮಾದಲಿ ಮಾಡುತ್ತಾರೆ. ಕತ್ತಲ ರಾತ್ರಿ ಹೆಜ್ಜೆ ಮೇಳದವರು ಬೆಳಗಿನ ತನಕ ರಿವಾಯತ್ ಪದ ಹಾಡುತ್ತಾರೆ. 680ರಲ್ಲಿ ಕರ್ಬಲಾದಲ್ಲಿ ಹುಸೇನ್ ಮಡಿದ ಕಥೆ ಅದು. ಹಸನ್, ಹುಸೇನ್ ಅನುಭವಿಸಿದ ಸಂಕಟವನ್ನು ನಮ್ಮ ಭಾಗದ ಕನ್ನಡದಲ್ಲಿ, ಹಲಗೆಯ ಹೆಜ್ಜೆಗೆ ಹಾಡುವಾಗ ನಮ್ಮ ಊರಿನ ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ.

ನಮ್ಮ ಊರಿನಲ್ಲಿ ಒಂದು ಪಂಜಾ ಹಿಡಿಯುವುದು ನಮ್ಮ ಮನೆತನದ ಪಾಳಿ. ಅಜ್ಜ ಹಿಡಿದರು, ಅಪ್ಪ ಹಿಡಿದರು, ಈಗ ಅಣ್ಣ. ಹಿಡಿಯುವವರು ಅಷ್ಟೂ ದಿನ ಮಡಿಯಲ್ಲಿರಬೇಕು, ಕಾಲಿಗೆ ಚಪ್ಪಲಿ ಹಾಕುವ ಹಾಗಿಲ್ಲ. ಅಣ್ಣನಿಗೆ ಮುಲ್ಲಾಸಾಬ್ರು ಮಾವ. ಅವರ ಮನೆಯಲ್ಲಿ ಮದುವೆ ಇದ್ದರೆ ಕಟ್ಟಿಗೆ ಒಡೆಯುವುದಕ್ಕೆ ಅಣ್ಣನೇ ಮೊದಲು ಹೋಗುವುದು.

ಬೆಂಗಳೂರು ಬಾಡಿಗೆ

ಎಲ್ಲರ ಮಾತನ್ನೂ ಓದಿದೆ. ಸಂತೋಷ ಆಯಿತು. ಆದರೆ ಒಂದು ಮಾತು ಹೇಳದಿದ್ದರೆ ನನ್ನ ಮನಸ್ಸಿಗೆ ಸಮಾಧಾನ ಇಲ್ಲ.

ನಾನು ಮುಸ್ಲಿಂ ಹೆಣ್ಣುಮಗಳು, ಶಾಲೆಯಲ್ಲಿ ಕನ್ನಡ ಟೀಚರ್. ಬೆಂಗಳೂರಿನಲ್ಲಿ ಮನೆ ಹುಡುಕುವಾಗ ಫೋನಿನಲ್ಲಿ ನನ್ನ ಕನ್ನಡ ಕೇಳಿ ಓನರ್ ಖುಷಿಯಾಗಿ ಮಾತಾಡುತ್ತಾರೆ. ಅಡ್ವಾನ್ಸ್, ಬಾಡಿಗೆ, ನೀರಿನ ಬಿಲ್ ಎಲ್ಲ ಮಾತಾಗುತ್ತದೆ. ಕೊನೆಗೆ ಹೆಸರು ಕೇಳುತ್ತಾರೆ. ಹೇಳಿದ ಮೇಲೆ 'ಮನೆಯವರನ್ನು ಕೇಳಿ ಹೇಳ್ತೀನಿ' ಅನ್ನುತ್ತಾರೆ. ಮತ್ತೆ ಫೋನ್ ಬರುವುದಿಲ್ಲ. ಕೆಲವರು ನೇರವಾಗಿಯೇ ಇಲ್ಲ ಅನ್ನುತ್ತಾರೆ. ನನ್ನ ಕ್ರಿಶ್ಚಿಯನ್ ಸಹೋದ್ಯೋಗಿಗೆ 'ಮಾಂಸ ಬೇಯಿಸ್ತೀರಾ' ಅನ್ನುವ ಪ್ರಶ್ನೆಯಿಂದಲೇ ಮಾತು ಶುರುವಾಗಿತ್ತು.

ಕರಗ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬರುತ್ತದೆ, ನಿಜ. ಚೈತ್ರ ಪೂರ್ಣಿಮೆ ರಾತ್ರಿ ಕಾಟನ್‌ಪೇಟೆಯಲ್ಲಿ ನಿಂತು ನಾನೂ ನೋಡಿದ್ದೇನೆ, ಮೈ ಜುಮ್ ಅನ್ನುತ್ತದೆ. ಆದರೆ ಕರಗ ವರ್ಷಕ್ಕೆ ಒಂದು ರಾತ್ರಿ. ಮನೆ ಬೇಕಾಗುವುದು ವರ್ಷವಿಡೀ. ಅಕ್ಕಪಕ್ಕ ಇರುವುದಕ್ಕೇ ಬಿಡದಿದ್ದರೆ ಯಾರು ಏನು ತಿನ್ನುತ್ತಾರೆ, ಯಾವಾಗ ತಿನ್ನುತ್ತಾರೆ ಅಂತ ಒಬ್ಬರಿಗೊಬ್ಬರಿಗೆ ಗೊತ್ತಾಗುವುದಾದರೂ ಹೇಗೆ? ಎದುರುಮನೆ ಅಕ್ಕ ಕೇಳಿದ ಪ್ರಶ್ನೆ ನನಗೆ ತುಂಬಾ ಇಷ್ಟವಾಗಿದ್ದು ಅದಕ್ಕೇ. ಆ ಪ್ರಶ್ನೆ ಹುಟ್ಟುವುದಕ್ಕೂ ಎದುರಿಗೊಂದು ಮನೆ ಇರಬೇಕು.

ಮೂಲ್ಕಿ ಕಡೆಯವಳು

ಟೀಚರ್, ನಿಮ್ಮ ಮಾತು ನೂರಕ್ಕೆ ನೂರು ನಿಜ. ನಮ್ಮ ಕರಾವಳಿಯಲ್ಲೂ ಅದೇ ನೋವು.

ನಮ್ಮ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನದ ಕಥೆ ಎಲ್ಲರಿಗೂ ಗೊತ್ತು. ಶಾಂಭವಿ ಹೊಳೆಯಲ್ಲಿ ಬಪ್ಪ ಬ್ಯಾರಿಯ ಹಡಗು ನಿಂತುಹೋಯಿತು, ದೇವಿ ಕನಸಿನಲ್ಲಿ ಬಂದಳು, ಅವನು ಗುಡಿ ಕಟ್ಟಿಸಿದ ಅಂತ ಹೇಳುತ್ತಾರೆ. ಊರಿಗೆ ಹೆಸರೇ ಅವನಿಂದ ಬಂತು. ಜಾತ್ರೆಯಲ್ಲಿ ಬಪ್ಪ ಬ್ಯಾರಿಯ ಮನೆತನಕ್ಕೆ ಮೊದಲ ಪ್ರಸಾದ. ಇದು ಸಂಪ್ರದಾಯ. ಹಾಗಿದ್ದೂ 2022ರ ಮಾರ್ಚ್‌ನಲ್ಲಿ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಬರಬಾರದು ಅಂತ ಬ್ಯಾನರ್ ಹಾಕಿದಾಗ ಬಪ್ಪನಾಡಿನಲ್ಲೂ ಅಂಥದ್ದೇ ಬ್ಯಾನರ್ ಕಂಡಿತು. ನಾನು ಆ ದಿನ ಅತ್ತಿದ್ದೇನೆ.

ಜಾತ್ರೆ ಅಂದರೆ ಬರೀ ರಥ ಅಲ್ಲ. ಬಳೆ, ಬಲೂನು, ಐಸ್‌ಕ್ರೀಮ್, ಕಲ್ಲಂಗಡಿ, ಪಾತ್ರೆ ಅಂಗಡಿ. ನಮ್ಮ ಅಮ್ಮ ಪ್ರತಿ ವರ್ಷ ಒಬ್ಬರೇ ಕಾಕನ ಹತ್ತಿರ ಬಳೆ ಇಡಿಸಿಕೊಳ್ಳುವುದು. ಅವರು ಕೈ ನೋಡಿಯೇ ಅಳತೆ ಹೇಳುತ್ತಾರೆ. ಅಮ್ಮನಿಗೆ ಸಂಧಿವಾತ ಬಂದು ಗಂಟು ಊದಿದ ಮೇಲೆ ಬಳೆ ಹತ್ತುತ್ತಿರಲಿಲ್ಲ. ಕಾಕ ಅಮ್ಮನ ಬೆರಳು ಒತ್ತಿ ಒತ್ತಿ, ಸ್ವಲ್ಪ ಸೋಪು ಹಚ್ಚಿ, ಒಂದೂ ಒಡೆಯದ ಹಾಗೆ ಹನ್ನೆರಡು ಬಳೆ ಏರಿಸಿದರು. 'ನೋಯ್ತದಾ ಅಕ್ಕ' ಅಂತ ನಡುನಡುವೆ ಕೇಳುತ್ತಿದ್ದರು. ಕಾಕ ಆ ವರ್ಷ ಬರಲಿಲ್ಲ. ಅಮ್ಮನೂ ಬೇರೆ ಕಡೆ ಬಳೆ ಇಡಿಸಿಕೊಳ್ಳಲಿಲ್ಲ. ಆಮೇಲೆ ನಾವೇ ಅವರ ಮನೆ ಹುಡುಕಿ ಹೋದೆವು. ಅಮ್ಮ ಅಲ್ಲಿಯೇ ಜಗಲಿಯ ಮೇಲೆ ಕೂತು ಬಳೆ ಇಡಿಸಿಕೊಂಡರು.

ಬ್ಯಾನರ್ ಕಟ್ಟುವವರು ಇದ್ದಾರೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಹುಡುಕಿ ಹೋಗುವವರೂ ಇದ್ದಾರೆ. ಈ ಊರಿನಲ್ಲಿ ಮೊಗವೀರರು ಬೊಬ್ಬರ್ಯ ದೈವಕ್ಕೆ ಕೈ ಮುಗಿದೇ ಕಡಲಿಗೆ ಇಳಿಯುವುದು. ಬೊಬ್ಬರ್ಯನ ಪಾಡ್ದನದಲ್ಲಿ, ಅಂದರೆ ಅವನ ಕಥೆ ಹೇಳುವ ತುಳು ಹಾಡಿನಲ್ಲಿ, ಅವನು ಬ್ಯಾರಿ ವ್ಯಾಪಾರಿಯ ವಂಶದವನು. ಹಿರಿಯರು ಕಟ್ಟಿದ್ದು ಒಂದು ಬ್ಯಾನರಿನಿಂದ ಹೋಗಿಬಿಡಬಾರದು.

ಟೈಲರ್ ಮಾಸ್ತರ್, ಗದಗ

ಟೀಚರ್ ಅವರೇ, ಮನೆ ವಿಷಯ ಓದಿ ಬಹಳ ಬೇಸರ ಆಯಿತು. ನಾನು ಹಬ್ಬದ ಮಾತನ್ನಷ್ಟೇ ಬರೆದೆ ಅಂತ ತಿಳಿಯಬೇಡಿ. ನನ್ನ ತಮ್ಮನಿಗೂ ಹೀಗೇ ಆಗಿದೆ.

ನಿವೃತ್ತ ಮೇಷ್ಟ್ರು, ಹಾವೇರಿ

ಇಲ್ಲಿ ಮನೆ ಬಾಡಿಗೆ ಕೊಡುವವರು ಯಾರಾದರೂ ಓದುತ್ತಿದ್ದರೆ ಒಂದು ಮಾತು. ನನ್ನ ಮನೆಯ ಮಹಡಿಯಲ್ಲಿ ಹಲವು ವರ್ಷದಿಂದ ಬಾಡಿಗೆದಾರರು ಇದ್ದಾರೆ. ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಎಲ್ಲರೂ ಬಂದು ಹೋಗಿದ್ದಾರೆ. ನಾನು ಕೇಳುವುದು ಮೂರೇ ವಿಷಯ. ಬಾಡಿಗೆ ತಾರೀಖು, ನೀರು, ಗಾಡಿ ನಿಲ್ಲಿಸುವ ಜಾಗ. ಅಡುಗೆ ವಾಸನೆ ಬರುತ್ತದೆ ಅನ್ನುವವರಿಗೆ ನನ್ನ ಹೆಂಡತಿ ಒಂದೇ ಉತ್ತರ ಕೊಡುತ್ತಾಳೆ: 'ನಮ್ಮ ಇಂಗಿನ ಒಗ್ಗರಣೆ ಅವರಿಗೂ ಹೋಗ್ತದ.'

ನಮ್ಮ ಶಿಶುನಾಳ ಇಲ್ಲೇ ಹತ್ತಿರ, ಶಿಗ್ಗಾಂವಿ ತಾಲ್ಲೂಕು. ಶರೀಫರು 1819ರಲ್ಲಿ ಹುಟ್ಟಿದವರು, 1889ರಲ್ಲಿ ತೀರಿಕೊಂಡರು. ಅವರ ಗುರು ಕಳಸದ ಗೋವಿಂದ ಭಟ್ಟರು. ಒಬ್ಬ ಬ್ರಾಹ್ಮಣ ಗುರು, ಒಬ್ಬ ಮುಸ್ಲಿಂ ಶಿಷ್ಯ. ಆ ಕಾಲದಲ್ಲಿ ಎರಡೂ ಕಡೆಯವರು ಬೈದರಂತೆ. ಬೈದವರು ಯಾರು ಅಂತ ಇವತ್ತು ಯಾರಿಗೂ ನೆನಪಿಲ್ಲ. ಶರೀಫರ ಪದ ಗದ್ದೆಯಲ್ಲಿ ಕಳೆ ಕೀಳುವವರ ಬಾಯಲ್ಲೂ ಇದೆ. ಗದ್ದಿಗೆಗೆ ಎರಡೂ ಕಡೆಯವರು ಹೋಗುತ್ತಾರೆ. ನಾನು ಪಾಠ ಮಾಡುವಾಗ ಮಕ್ಕಳಿಗೆ ಮೊದಲು ಈ ಗುರು ಶಿಷ್ಯರ ಸಂಗತಿ ಹೇಳುತ್ತಿದ್ದೆ. ಪದದ ಅರ್ಥ ಆಮೇಲೆ.

ಶಿರಹಟ್ಟಿಯ ಫಕೀರೇಶ್ವರ ಮಠವೂ ಹೀಗೇ. ಮಠದ ಹೆಸರಿನಲ್ಲೇ ಫಕೀರ ಇದ್ದಾನೆ.

ಕಾರ್ಕಳದ ಕೊಂಕಣಿ

ನಮ್ಮದು ಕ್ಯಾಥೊಲಿಕ್ ಮನೆ. ಮೊಂತಿ ಹಬ್ಬದ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸೆಪ್ಟೆಂಬರ್ 8, ಮಾತೆ ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಹೂವು ಕೊಯ್ದು ಚರ್ಚಿಗೆ ತರುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿ ಪ್ರತಿ ಮನೆಗೂ ಕೊಡುತ್ತಾರೆ. ಮಕ್ಕಳಿಗೆ ಕಬ್ಬು. ಮನೆಗೆ ಬಂದು ಹೊಸ ಅಕ್ಕಿಯ ಕಾಳು ಸುಲಿದು ಹಾಲಿಗೆ ಹಾಕಿ ಎಲ್ಲರೂ ಸ್ವಲ್ಪ ಸ್ವಲ್ಪ ಕುಡಿಯುತ್ತೇವೆ. ಆ ದಿನ ಮಾಂಸ, ಮೀನು ಇಲ್ಲ. ಬಾಳೆಲೆಯ ಮೇಲೆ ತರಕಾರಿ ಊಟ. ಅಕ್ಕಪಕ್ಕದ ತುಳುವರ ಮನೆಯಲ್ಲೂ ಹೊಸ ಅಕ್ಕಿ ಊಟ ಇದೇ ಸುಮಾರಿಗೆ ಬರುತ್ತದೆ. ನಮಗೆ ಗದ್ದೆ ಇಲ್ಲ. ಚರ್ಚಿಗೆ ಹೋಗುವ ತೆನೆ ಪಕ್ಕದ ಬಂಟರ ಗದ್ದೆಯಿಂದಲೇ ಬರುತ್ತದೆ. ಕೊಯ್ಯುವ ದಿನ ಅವರೇ ಕರೆದು ಹೇಳುತ್ತಾರೆ, 'ಪೊರ್ಬುಳೇ, ತೆನೆ ಬಂದಿದೆ, ಬನ್ನಿ.'

ಎದುರುಮನೆ ಅಕ್ಕನ ಪ್ರಶ್ನೆಗೂ ಒಂದು ಉತ್ತರ. ಸಸ್ಯಾಹಾರಿಗಳನ್ನು ಊಟಕ್ಕೆ ಕರೆಯಲು ನಾವು ಮೊಂತಿ ಹಬ್ಬವನ್ನೇ ಇಟ್ಟುಕೊಂಡಿದ್ದೇವೆ. ಕ್ರಿಸ್‌ಮಸ್‌ಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳು, ಕೊಡುತ್ತೇವೆ. ಅದರಲ್ಲಿ ನೆವ್ರಿ, ಚಕ್ಕುಲಿ, ಗುಳಿಯೊ ಮೊಟ್ಟೆ ಇಲ್ಲದೆಯೇ ಆಗುತ್ತವೆ. ಕೇಕು, ರೋಸ್ ಕುಕ್ಕೀಸ್‌ಗೆ ಮೊಟ್ಟೆ ಬೀಳುತ್ತದೆ. ಹಾಗಾಗಿ ಎರಡು ಬೇರೆ ಡಬ್ಬಿ. ಮೊಟ್ಟೆ ಇಲ್ಲದ ಡಬ್ಬಿಗೆ ಅಮ್ಮ ಹಸಿರು ದಾರ ಕಟ್ಟುತ್ತಾರೆ. ಹಂಚುವ ಮಕ್ಕಳಿಗೆ ಗೊಂದಲ ಆಗಬಾರದು ಅಂತ.

ಈಸ್ಟರಿಗೆ ಮೊದಲಿನ ತಪಸ್ಸು ಕಾಲದ ಶುಕ್ರವಾರ ನಾವೂ ಮಾಂಸ ತಿನ್ನುವುದಿಲ್ಲ. ಆ ದಿನಗಳಲ್ಲಿ ನಮ್ಮನ್ನು ಊಟಕ್ಕೆ ಕರೆಯುವವರು ಧೈರ್ಯವಾಗಿ ಸಾರು ಪಲ್ಯ ಬಡಿಸಬಹುದು.

ಜನವರಿ ಕೊನೆಯಲ್ಲಿ ನಮ್ಮ ಅತ್ತೂರು ಸಂತ ಲಾರೆನ್ಸರ ಹಬ್ಬ. 2016ರಲ್ಲಿ ಅದು ಬಸಿಲಿಕ ಆಯಿತು. ಊರವರ ಬಾಯಲ್ಲಿ ಇವತ್ತಿಗೂ ಅತ್ತೂರು ಜಾತ್ರೆಯೇ. ಮೊಂಬತ್ತಿ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಹಣೆಗೆ ಕುಂಕುಮ ಇಟ್ಟವರು ಎಷ್ಟು ಜನ ಇರುತ್ತಾರೆ ಅಂತ ಬಂದು ನೋಡಿ.

ಬೆಂಗಳೂರು ಬಾಡಿಗೆ

ಹಸಿರು ದಾರದ ಉಪಾಯ ಬಹಳ ಚೆನ್ನಾಗಿದೆ. ನಮ್ಮ ಸ್ಟಾಫ್ ರೂಮಿನಲ್ಲೂ ಇದನ್ನೇ ಮಾಡುತ್ತೇನೆ.

ಸೆಪ್ಟೆಂಬರ್ 8 ಅಂದಾಗ ಶಿವಾಜಿನಗರ ನೆನಪಾಯಿತು. ಸೇಂಟ್ ಮೇರೀಸ್ ಬಸಿಲಿಕದ ಹಬ್ಬಕ್ಕೆ ಕಾವಿ ಬಣ್ಣದ ಬಟ್ಟೆ ಹಾಕಿಕೊಂಡು ಹರಕೆ ಹೊತ್ತವರು ಬರುತ್ತಾರೆ. ಮರಿಯಮ್ಮನಿಗೆ ಸೀರೆ ಉಡಿಸುತ್ತಾರೆ. ಸುತ್ತ ಇರುವ ಅಂಗಡಿಗಳಲ್ಲಿ ಮುಸ್ಲಿಮರದು ಜಾಸ್ತಿ. ನನ್ನ ಚಿಕ್ಕಪ್ಪ ಅಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಾರೆ. ಆ ಹತ್ತು ದಿನಕ್ಕೆ ಅಂತ ಕಾವಿ ಬಟ್ಟೆಯನ್ನು ಮೊದಲೇ ತರಿಸಿ ಇಡುತ್ತಾರೆ.

ರಾತ್ರಿ ಪಾಳಿ

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಊರು ಬೇಡ.

ಆಪರೇಷನ್ ಥಿಯೇಟರಿಗೆ ಹೋಗುವ ಮೊದಲು ಮೈಮೇಲಿನ ಲೋಹ, ದಾರ ಎಲ್ಲ ತೆಗೆಯಬೇಕು. ಕೈಗೆ ಕಟ್ಟಿದ ಕಾಶಿದಾರ, ಕೊರಳಿನ ತಾಯತ, ಜನಿವಾರ, ಲಿಂಗದ ಕರಡಿಗೆ, ರೋಸರಿ, ಶಿಲುಬೆ. ರೋಗಿಗಳಿಗೆ ಕೊಯ್ಯುವ ಭಯಕ್ಕಿಂತ ಇದನ್ನು ಬಿಚ್ಚುವ ಭಯ ಜಾಸ್ತಿ. ನಾನು ಬಂದ ಹೊಸದರಲ್ಲಿ ನಮ್ಮ ಹಿರಿಯ ಸಿಸ್ಟರ್ ಒಬ್ಬರು ತೋರಿಸಿಕೊಟ್ಟ ಕ್ರಮ ಇದೆ. ದಾರವನ್ನು ಕತ್ತರಿಸಬಾರದು, ಗಂಟು ಬಿಚ್ಚಬೇಕು. ಬಿಚ್ಚಿದ್ದನ್ನು ಶುದ್ಧವಾದ ಕವರಿನಲ್ಲಿ ಹಾಕಿ, ಮೇಲೆ ಬೆಡ್ ನಂಬರ್ ಬರೆದು, ಮನೆಯವರ ಕೈಗೆ ಕೊಡಬೇಕು. ಮನೆಯವರು ಇಲ್ಲದಿದ್ದರೆ ನಮ್ಮ ಬೀರುವಿನ ಮೇಲಿನ ಅರೆಯಲ್ಲಿ ಇಡಬೇಕು, ಕೆಳಗೆ ಇಡಬಾರದು. ಆ ಸಿಸ್ಟರ್ ಕ್ರಿಶ್ಚಿಯನ್. ಕರಡಿಗೆಯನ್ನು ಮುಟ್ಟುವ ಮೊದಲು ಕೈ ತೊಳೆದು, 'ಅಜ್ಜಾ, ನಾ ತೆಗೀಲಾ, ನೀವೇ ತೆಗೀತೀರಾ' ಅಂತ ಕೇಳುತ್ತಿದ್ದರು.

ಐಸಿಯು ಹೊರಗೆ ಚಾಪೆ ಹಾಸಿಕೊಂಡು ಮಲಗುವವರ ನಡುವೆ ಜಾತಿ ಧರ್ಮ ನಾನು ಕಂಡಿಲ್ಲ. ಒಬ್ಬರು ಟೀ ತರಲು ಹೋದರೆ ನಾಲ್ಕು ಮನೆಯವರ ಫ್ಲಾಸ್ಕ್ ಹಿಡಿದು ಹೋಗುತ್ತಾರೆ. ಒಬ್ಬರ ರಕ್ತದ ಗುಂಪು ಸಿಗದಿದ್ದರೆ ಪಕ್ಕದ ಚಾಪೆಯವರ ಮಗ ಎದ್ದು ಬರುತ್ತಾನೆ. ಕೊರೊನಾ ಕಾಲದಲ್ಲಿ ಮನೆಯವರೇ ಹತ್ತಿರ ಬರಲು ಹೆದರುತ್ತಿದ್ದಾಗ ಮುಸ್ಲಿಂ ಹುಡುಗರು ಹಿಂದೂಗಳ ಹೆಣ ಹೊತ್ತು ಚಿತೆಗೆ ಇಟ್ಟದ್ದನ್ನು ರಾಜ್ಯದ ಎಷ್ಟೋ ಊರು ನೋಡಿದೆ. ಬಾಯಿಗೆ ತುಳಸಿ ನೀರು ಬಿಡಬೇಕು ಅನ್ನುವುದನ್ನೂ ಕೇಳಿ ತಿಳಿದುಕೊಂಡು ಮಾಡಿದ್ದರು.

ಕುಶಾಲನಗರ ಅಂಗಡಿ

ನಮ್ಮ ಪಕ್ಕದ ಬೈಲುಕುಪ್ಪೆಗೆ ಟಿಬೆಟಿನವರು 1961ರಲ್ಲಿ ಬಂದರು. ಆಗ ಕಾಡು, ಈಗ ಜೋಳದ ಹೊಲ. ವಯಸ್ಸಾದ ಲಾಮಾಗಳು ನಮ್ಮ ಅಂಗಡಿಗೆ ಬಂದು ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ. ಅವರ ಹೊಸ ವರ್ಷದ ಲೋಸರ್ ಹಬ್ಬಕ್ಕೆ ಖಪ್ಸೆ ಅನ್ನುವ ಕರಿದ ತಿಂಡಿ ಕೊಡುತ್ತಾರೆ. ನಾವು ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡುತ್ತೇವೆ. ಬೆಣ್ಣೆ ಹಾಕಿದ ಉಪ್ಪು ಟೀ ಮಾತ್ರ ನಮ್ಮ ಮನೆಯಲ್ಲಿ ಇನ್ನೂ ಯಾರಿಗೂ ಹಿಡಿಸಿಲ್ಲ.

ಎದುರುಮನೆ

ನಿನ್ನೆ ಸಂಜೆ ಧೈರ್ಯ ಮಾಡಿ ಹೋಗಿ ಕೇಳಿದೆ. ಅತ್ತೆಯವರೂ ಬಂದರು. ಅವರ ಅಮ್ಮ ಹರಪನಹಳ್ಳಿ ಕಡೆಯವರಂತೆ. ಅತ್ತೆಯ ತವರು ಅಲ್ಲಿಂದ ಹತ್ತಿರ. ಇಬ್ಬರೂ ಊರಿನ ಸಂತೆ, ಕೆರೆ, ಯಾರ ಮಗಳನ್ನು ಎಲ್ಲಿಗೆ ಕೊಟ್ಟರು ಅಂತ ಮಾತಾಡುತ್ತಾ ಕೂತರು. ನಾನು ಕೇಳಬೇಕಿದ್ದ ಪ್ರಶ್ನೆಗೆ ಜಾಗವೇ ಸಿಗಲಿಲ್ಲ. ಕೊನೆಗೆ ಆ ಅಮ್ಮನೇ ಹೇಳಿದರು, 'ನೀವು ಐನೋರ ಪೈಕಿ ಅಲ್ವಾ, ನಾವು ಶಾವಿಗಿ ಸಕ್ಕರಿ ಕೊಡ್ತೀವಿ, ಮಾಡ್ಕೊಳ್ಳಿ.' ಮಾಸ್ತರು ಹೇಳಿದ ಹಾಗೆಯೇ! ಅತ್ತೆ ಮೊದಲ ಶುಕ್ರವಾರಕ್ಕೆ ಮಿರ್ಚಿ ಒಪ್ಪಿಕೊಂಡಿದ್ದಾರೆ. ಖಾರ ಕಡಿಮೆ ಇರಲಿ, ಮಕ್ಕಳೂ ರೋಜಾ ಹಿಡಿಯುತ್ತಾರೆ ಅಂತ ಅವರ ಸೊಸೆ ಹೇಳಿದರು.

ಮೇಷ್ಟ್ರ ಮಾತನ್ನು ನಮ್ಮ ಅಪಾರ್ಟ್‌ಮೆಂಟಿನ ಗುಂಪಿಗೂ ಹಾಕಿದ್ದೇನೆ. ಕೆಳಗಿನ ಮನೆ ಖಾಲಿ ಇದೆ. ಯಾರಿಗೆ ಕೊಡಬೇಕು ಅನ್ನುವ ಚರ್ಚೆ ಬಂದಾಗ ನಾನು ಸುಮ್ನೆ ಕೂರುವುದಿಲ್ಲ.

ಮೂಲ್ಕಿ ಕಡೆಯವಳು

ಒಳ್ಳೆಯದಾಯಿತು ಅಕ್ಕ. ಸಸ್ಯಾಹಾರದ ಇಫ್ತಾರ್ ಬಗ್ಗೆ ಯಾರಾದರೂ ಅನುಮಾನ ಎತ್ತಿದರೆ ಉಡುಪಿಯದನ್ನು ಹೇಳಿ. 2017ರಲ್ಲಿ ಪೇಜಾವರ ವಿಶ್ವೇಶತೀರ್ಥ ಸ್ವಾಮೀಜಿ ಕೃಷ್ಣ ಮಠದಲ್ಲೇ ಮುಸ್ಲಿಮರಿಗೆ ಇಫ್ತಾರ್ ಏರ್ಪಡಿಸಿದ್ದರು. ತಾವೇ ಖರ್ಜೂರ, ಹಣ್ಣು ಕೊಟ್ಟರು. ವಿರೋಧ ಬಂತು. ಸ್ವಾಮೀಜಿ ತಾವು ಮಾಡಿದ್ದು ಸರಿ ಅಂತಲೇ ನಿಂತರು.

ಬೀದರಿನವ

ತಡವಾಗಿ ಬಂದೆ. ನಮ್ಮ ಅಷ್ಟೂರು ಜಾತ್ರೆ ಬಿಟ್ಟು ಈ ಮಾತು ಮುಗಿಯಬಾರದು.

ಬೀದರ್ ಊರಿನ ಹೊರಗೆ ಅಷ್ಟೂರು. ಬಹಮನಿ ಸುಲ್ತಾನ ಅಹಮದ್ ಶಾಹನ ಗೋರಿ ಅಲ್ಲಿದೆ. ಕಲಬುರಗಿಯಿಂದ ಬೀದರಿಗೆ ರಾಜಧಾನಿ ತಂದವನು ಅವನೇ. 1436ರಲ್ಲಿ ತೀರಿಕೊಂಡ. ಬರಗಾಲದಲ್ಲಿ ಗುಡ್ಡ ಹತ್ತಿ ಪ್ರಾರ್ಥನೆ ಮಾಡಿದ, ಮಳೆ ಬಂತು, ಅದಕ್ಕೆ ಜನ ವಲಿ ಅಂತ ಕರೆದರು ಅಂತ ಹೇಳುತ್ತಾರೆ. ಮುಸ್ಲಿಮರಿಗೆ ಅವನು ಅಹಮದ್ ಶಾ ವಲಿ. ಲಿಂಗಾಯತರಿಗೆ ಅಲ್ಲಮಪ್ರಭು. ಗೋರಿ ಒಂದೇ. ಉರುಸು ಬರುವುದು ಹಿಂದೂ ಪಂಚಾಂಗದ ಲೆಕ್ಕದಲ್ಲಿ, ಹೋಳಿ ಕಳೆದ ಮೇಲೆ. ಕಲಬುರಗಿ ಜಿಲ್ಲೆಯ ಮಡಿಯಾಳದಿಂದ ಜಂಗಮರು ತಮ್ಮ ಜನರ ಜೊತೆ ನಡೆದುಕೊಂಡು ಬರುತ್ತಾರೆ. ಅವರು ಗೋರಿಗೆ ಹೂವು ಏರಿಸಿ ಕಾಯಿ ಒಡೆಯುತ್ತಾರೆ. ಪಕ್ಕದಲ್ಲೇ ಫಾತಿಹಾ ಓದುತ್ತಾರೆ. ಕಾಯಿ ಚೂರು ಇಬ್ಬರ ಕೈಗೂ ಬರುತ್ತದೆ.

ಹೊರಗಡೆ ಕುಸ್ತಿ, ಮಿಠಾಯಿ ಅಂಗಡಿ, ಮಕ್ಕಳ ತೊಟ್ಟಿಲು. ಊರಿನ ಹೆಣ್ಣುಮಕ್ಕಳು ಗಂಡನ ಮನೆಯಿಂದ ತವರಿಗೆ ಬರುವುದೂ ಇದೇ ಜಾತ್ರೆಗೆ.

ನಿವೃತ್ತ ಮೇಷ್ಟ್ರು, ಹಾವೇರಿ

ಸರ್, ಮುಂದಿನ ವರ್ಷ ಹೊರಡಬೇಕು ಅಂತ ಮನಸ್ಸಾಗಿದೆ. ನಾನು, ಹೆಂಡತಿ, ಮಹಡಿ ಮೇಲಿನ ಬಾಡಿಗೆಯವರು ಕೂಡ ಬರುತ್ತೇವೆ ಅನ್ನುತ್ತಿದ್ದಾರೆ. ಏನೇನು ನೋಡಬೇಕು, ಊಟಕ್ಕೆ ಏನು ಮಾಡಬೇಕು?

ಬೀದರಿನವ

ಬನ್ನಿ ಮೇಷ್ಟ್ರೇ, ಎಲ್ಲರೂ ಬನ್ನಿ. ಬಿಸಿಲು ಜೋರಾಗಿರುತ್ತದೆ, ಬೆಳಿಗ್ಗೆ ಬೇಗ ಅಷ್ಟೂರಿಗೆ ಹೋಗಿಬಿಡಿ. ಗೋರಿಯ ಒಳಗೋಡೆ, ಗುಮ್ಮಟದ ತುಂಬ ಬಣ್ಣದ ಚಿತ್ತಾರ ಇದೆ. ಒಳಗೆ ಕತ್ತಲು, ಚಿಕ್ಕ ಟಾರ್ಚ್ ತನ್ನಿ. ಜಾತ್ರೆಯ ದಿನ ನೂಕುನುಗ್ಗಲು, ಚಿತ್ತಾರ ನೋಡಬೇಕೆಂದರೆ ಹಿಂದಿನ ದಿನವೇ ಹೋಗುವುದು ಒಳ್ಳೆಯದು.

ಮಧ್ಯಾಹ್ನದ ಊಟಕ್ಕೆ ಚಿಂತೆ ಬೇಡ. ಬೀದರಿನಲ್ಲೇ ನಾನಕ್ ಝೀರಾ ಸಾಹಿಬ್ ಗುರುದ್ವಾರ ಇದೆ. ಗುರುನಾನಕರು ಬಂದಾಗ ಸಿಹಿನೀರಿನ ಬುಗ್ಗೆ ಹುಟ್ಟಿತು ಅನ್ನುವ ನಂಬಿಕೆ. ಆ ನೀರು ಈಗಲೂ ಹರಿಯುತ್ತದೆ, ಎಲ್ಲ ಧರ್ಮದವರೂ ಬಾಟಲಿ ತುಂಬಿಕೊಂಡು ಹೋಗುತ್ತಾರೆ. ಗುರು ಗೋವಿಂದ ಸಿಂಗರು ಮೊದಲು ದೀಕ್ಷೆ ಕೊಟ್ಟ ಐವರು, ಸಿಖ್ಖರ ಪಂಜ್ ಪ್ಯಾರೇಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು. ಗುರುದ್ವಾರದ ಊಟದ ಮನೆ ಲಂಗರಿನಲ್ಲಿ ಊಟ ಪೂರ್ತಿ ಸಸ್ಯಾಹಾರ. ದಾಲ್, ರೊಟ್ಟಿ, ಅನ್ನ. ದುಡ್ಡು ಕೇಳುವುದಿಲ್ಲ. ಚಪ್ಪಲಿ ಹೊರಗೆ ಬಿಡಿ, ತಲೆಗೆ ಬಟ್ಟೆ ಕಟ್ಟಿಕೊಳ್ಳಿ, ಇಲ್ಲದಿದ್ದರೆ ಅಲ್ಲೇ ಕೊಡುತ್ತಾರೆ. ನೆಲದ ಮೇಲೆ ಸಾಲಿನಲ್ಲಿ ಕೂರಬೇಕು. ಕೂರಲು ಮಂಡಿ ನೋವು ಇದ್ದರೆ ಮೊದಲೇ ಹೇಳಿ, ಬೇರೆ ವ್ಯವಸ್ಥೆ ಇದೆಯಾ ಅಂತ ಕೇಳಿ ಇಡುತ್ತೇನೆ. ರೊಟ್ಟಿ ಕೊಡಲು ಬಂದಾಗ ಎರಡೂ ಕೈ ಚಾಚಿ ತೆಗೆದುಕೊಳ್ಳಿ, ಒಂದು ಕೈಯಲ್ಲಿ ತೆಗೆದುಕೊಳ್ಳುವ ಪದ್ಧತಿ ಅಲ್ಲಿಲ್ಲ. ತಟ್ಟೆಯಲ್ಲಿ ಬಿಡಬಾರದು, ಎಷ್ಟು ಬೇಕೋ ಅಷ್ಟೇ ಹಾಕಿಸಿಕೊಳ್ಳಿ. ಊಟ ಆದ ಮೇಲೆ ಪಾತ್ರೆ ತೊಳೆಯುವ ಕಡೆ ಹೋಗಿ ನಿಂತರೆ ನಿಮಗೂ ಒಂದು ರಾಶಿ ಕೊಡುತ್ತಾರೆ.